ಏಕಲವ್ಯನ ಹೆಬ್ಬೆರಳು ಮತ್ತು ಬಿಲ್ಲಿನ ವಿದ್ಯೆ

(ಉಪನ್ಯಾಸದ ಬರಹ ರೂಪ)



ಬಿಲ್ವಿದ್ಯೆಯ ಮಾತು ಬಂದಾಗ ನಮಗೆ ಮೊದಲು ನೆನಪಾಗುವವರು ಇಬ್ಬರು. ಒಬ್ಬ ಅರ್ಜುನ, ಇನ್ನೊಬ್ಬ ಏಕಲವ್ಯ. ಅರ್ಜುನನನ್ನು ನೆನೆಯುವುದು ಅವನ ಗುರಿಗಾಗಿ. ಏಕಲವ್ಯನನ್ನು ನೆನೆಯುವುದು ಅವನು ಕಳೆದುಕೊಂಡ ಬೆರಳಿಗಾಗಿ.

ಕತೆ ಎಲ್ಲರಿಗೂ ಗೊತ್ತು. ನಿಷಾದರ ಅರಸ ಹಿರಣ್ಯಧನುವಿನ ಮಗ ಏಕಲವ್ಯ ದ್ರೋಣನ ಬಳಿ ವಿದ್ಯೆ ಕೇಳಲು ಬಂದ. ನಿಷಾದನೆಂಬ ಕಾರಣಕ್ಕೆ ದ್ರೋಣ ಒಲ್ಲೆನೆಂದ. ಹುಡುಗ ಕಾಡಿಗೆ ಹೋಗಿ, ಗುರುವಿನ ಮಣ್ಣಿನ ಮೂರ್ತಿ ಮಾಡಿಟ್ಟುಕೊಂಡು ತಾನೇ ಕಲಿತ. ಮುಂದೆ ಅವನ ವಿದ್ಯೆಯನ್ನು ಕಂಡು ಅರ್ಜುನ ಕಳವಳಗೊಂಡ. ದ್ರೋಣ ಬಂದು ಬಲಗೈಯ ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೇಳಿದ. ಏಕಲವ್ಯ ಕೊಟ್ಟ.

ಈ ಪ್ರಸಂಗದ ನ್ಯಾಯ-ಅನ್ಯಾಯಗಳ ಬಗ್ಗೆ ಕನ್ನಡದಲ್ಲಿ ಬಹಳಷ್ಟು ಚರ್ಚೆ ನಡೆದಿದೆ. ಕುವೆಂಪು ಅವರು ಇದನ್ನೇ ವಸ್ತುವಾಗಿಟ್ಟುಕೊಂಡು 1947ರಲ್ಲಿ ‘ಬೆರಳ್‌ಗೆ ಕೊರಳ್’ ನಾಟಕವನ್ನು ಪ್ರಕಟಿಸಿದರು. ಬೆರಳಿನ ಸಾಲವನ್ನು ಕೊರಳು ತೀರಿಸಬೇಕಾಯಿತೆಂಬ ಆ ನಾಟಕದ ಹೆಸರೇ ಒಂದು ತೀರ್ಪಿನಂತಿದೆ. ಆದರೆ ಈ ಚರ್ಚೆಗಳ ನಡುವೆ ಒಂದು ಸಣ್ಣ ಪ್ರಶ್ನೆ ಹೆಚ್ಚಾಗಿ ಹಾಗೆಯೇ ಉಳಿದುಬಿಡುತ್ತದೆ. ದ್ರೋಣ ಹೆಬ್ಬೆರಳನ್ನೇ ಏಕೆ ಕೇಳಿದ? ಕಣ್ಣನ್ನು ಕೇಳಬಹುದಿತ್ತು, ಬಿಲ್ಲು ಹಿಡಿಯುವ ಎಡಗೈಯನ್ನು ಕೇಳಬಹುದಿತ್ತು.

ಇಂದು ಒಲಿಂಪಿಕ್ಸ್‌ನಲ್ಲಿ ಬಿಲ್ಲೆಳೆಯುವವರನ್ನು ದೂರದರ್ಶನದಲ್ಲಿ ನೋಡಿದವರಿಗೆ ಈ ಪ್ರಶ್ನೆ ಇನ್ನೂ ಚೂಪಾಗಿ ಕಾಣುತ್ತದೆ. ಅವರು ಹೆದೆಯನ್ನು ಎಳೆಯುವುದು ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳುಗಳಿಂದ. ಹೆಬ್ಬೆರಳು ಅಂಗೈ ಕಡೆಗೆ ಮಡಿಚಿಕೊಂಡು ಸುಮ್ಮನಿರುತ್ತದೆ. ಆ ಲೆಕ್ಕದಲ್ಲಿ ಏಕಲವ್ಯ ಕಳೆದುಕೊಂಡದ್ದು ಅಷ್ಟೇನೂ ದೊಡ್ಡದಲ್ಲ ಎನ್ನಿಸಬೇಕು!

ಮಹಾಭಾರತಕಾರನಿಗೆ ಇದರ ಉತ್ತರ ಚೆನ್ನಾಗಿ ಗೊತ್ತಿತ್ತು. ಆದಿಪರ್ವವನ್ನು ಎಚ್ಚರದಿಂದ ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಬೊಗಳುತ್ತ ಬಂದ ನಾಯಿಯ ಬಾಯಿಗೆ ಏಕಲವ್ಯ ಏಳು ಬಾಣಗಳನ್ನು, ಒಂದೇ ಸಲಕ್ಕೆ ಬಿಟ್ಟನೋ ಎಂಬಷ್ಟು ಬೇಗ ತುಂಬಿದ. ಪಾಂಡವರು ಬೆರಗಾದದ್ದು ಆ ಕೈಚಳಕಕ್ಕೆ, ಅಂದರೆ ಲಾಘವಕ್ಕೆ. ಬೆರಳು ಕೊಟ್ಟ ಮೇಲೆ ಏಕಲವ್ಯ ಬಿಲ್ಲನ್ನು ಬಿಡಲಿಲ್ಲ. ಉಳಿದ ಬೆರಳುಗಳಿಂದ ಎಳೆದು ನೋಡಿದ. ಬಾಣ ಹೋಯಿತು, ಆದರೆ ಮೊದಲಿನ ವೇಗ ಇರಲಿಲ್ಲ. ಬೆರಳು ಹೋಗುವ ಮೊದಲು ಮೆಚ್ಚುಗೆ ವೇಗಕ್ಕೆ, ಹೋದ ಮೇಲೆ ನಷ್ಟವೂ ವೇಗಕ್ಕೆ. ಇದನ್ನು ಬರೆದವನು ಬಿಲ್ಲುಗಾರರ ಕೈಯನ್ನು ಹತ್ತಿರದಿಂದ ನೋಡಿದವನು.

ನಾವು ಮರೆತಿರುವುದು ಈ ಕೈಯನ್ನು. ಅದನ್ನು ತಿಳಿಯಬೇಕಾದರೆ ಬಿಲ್ಲು ಏತರದ್ದು, ಬಾಣ ಹೇಗಿತ್ತು, ಹೆದೆಯನ್ನು ಹಿಡಿಯುತ್ತಿದ್ದದ್ದು ಹೇಗೆ ಎಂಬಲ್ಲಿಂದ ಹೊರಡಬೇಕು.

ಬಿದಿರಿನ ಬಿಲ್ಲು

ಒಂದು ಹಸಿ ಕಡ್ಡಿಯನ್ನು ಎರಡೂ ಕೈಗಳಿಂದ ಹಿಡಿದು ಬಗ್ಗಿಸಿ ನೋಡಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಮಿತಿ ಮೀರಿ ಬಗ್ಗಿಸಿದರೆ ಹೊರಮೈಯ ನಾರು ಕಿತ್ತು ಬರುತ್ತದೆ, ಇಲ್ಲವೆ ಒಳಮೈ ಮುದುಡಿ ಹೋಗುತ್ತದೆ. ಬಿಲ್ಲು ಮಾಡುವವನ ಕಷ್ಟವೆಲ್ಲ ಇಷ್ಟೇ: ಎಳೆತವನ್ನು ತಾಳುವ ಹೊರಮೈ, ಒತ್ತಡವನ್ನು ತಾಳುವ ಒಳಮೈ, ಇವೆರಡನ್ನೂ ಒಂದೇ ಕೋಲಿನಲ್ಲಿ ಒದಗಿಸುವುದು.

ಬಿದಿರಿನಲ್ಲಿ ಪ್ರಕೃತಿಯೇ ಅರ್ಧ ಕೆಲಸವನ್ನು ಮಾಡಿಟ್ಟಿದೆ. ಸಿಪ್ಪೆಯ ಕಡೆ ನಾರು ದಟ್ಟವಾಗಿದ್ದು ಎಳೆತಕ್ಕೆ ಜಗ್ಗುವುದಿಲ್ಲ. ಹಾಗಾಗಿ ಸಿಪ್ಪೆಯನ್ನು ಹೊರಮೈಗೆ ಬಿಟ್ಟು, ಒಳಗಿನ ಮೆತ್ತನೆಯ ಭಾಗವನ್ನು ಮಾತ್ರ ಕತ್ತಿಯಿಂದ ಹೆರೆಯುತ್ತ ಹೋಗಬೇಕು. ನಡುವೆ ಹಿಡಿ ದಪ್ಪ, ತುದಿಯ ಕಡೆಗೆ ತೆಳು. ಆಗಾಗ ಬಗ್ಗಿಸಿ ನೋಡಿ, ಎರಡು ಕಡೆಯೂ ಸಮನಾಗಿ ಬಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಒಂದು ಕಡೆ ಮೊಂಡಾಗಿದ್ದರೆ ಬಾಣ ನೇರ ಹೋಗುವುದಿಲ್ಲ. ಒಂದು ಜಾಗದಲ್ಲಿ ಹೆಚ್ಚು ಹೆರೆದರೆ ಬಿಲ್ಲು ಅಲ್ಲಿಯೇ ಮುರಿಯುತ್ತದೆ. ಹೆಚ್ಚು ಉಳಿದರೆ ಮತ್ತೆ ಹೆರೆಯಬಹುದು, ಹೆಚ್ಚು ಹೆರೆದರೆ ಮತ್ತೆ ಸೇರಿಸಲಾಗದು.

ಬಿದಿರನ್ನು ಆರಿಸುವ ವಿಷಯದಲ್ಲಿ ನಮ್ಮ ಹಳೆಯ ಗ್ರಂಥಗಳು ಬಹಳ ಕಟ್ಟುನಿಟ್ಟು. 14ನೇ ಶತಮಾನದ ‘ಶಾರ್ಙ್ಗಧರ ಪದ್ಧತಿ’ ಎಂಬ ಸಂಸ್ಕೃತ ಸಂಕಲನದಲ್ಲಿ ಧನುರ್ವೇದದ ಒಂದು ದೀರ್ಘ ಭಾಗವಿದೆ. ಎಳೆಯದು ಬೇಡ, ಮುರಿಯುತ್ತದೆ; ಅತಿ ಬಲಿತದ್ದು ಬೇಡ, ಬಿರುಸು; ಸುಟ್ಟದ್ದು, ತೂತು ಬಿದ್ದದ್ದು ಬೇಡ ಎಂದು ಅದು ಪಟ್ಟಿ ಕೊಡುತ್ತದೆ. ಗೆಣ್ಣುಗಳು ಮೂರು, ಐದು, ಏಳು ಅಥವಾ ಒಂಬತ್ತು ಇರಬೇಕು, ಸಮಸಂಖ್ಯೆ ಆಗದು ಎಂದೂ ಹೇಳುತ್ತದೆ. ಮೇಲುನೋಟಕ್ಕೆ ಇದು ಶಕುನದ ಮಾತಿನಂತೆ ಕಾಣುತ್ತದೆ. ಆದರೆ ಗೆಣ್ಣು ಬೆಸವಾಗಿದ್ದರೆ ಒಂದು ಗೆಣ್ಣು ನಡುವೆ ಬಂದು, ಉಳಿದವು ಎರಡು ಕಡೆಗೂ ಸಮನಾಗಿ ಹಂಚಿಹೋಗುತ್ತವೆ. ಕಸುಬಿನ ಲೆಕ್ಕ ಶಾಸ್ತ್ರದ ಮಾತಿನಲ್ಲಿ ಅಡಗಿ ಕುಳಿತಿದೆ ಎನ್ನಬಹುದು.

ಇನ್ನೊಂದು ಮಾತು ಎಂದಿಗೂ ಸಲ್ಲುವಂಥದ್ದು. ಬಿಲ್ಲು ಬಿಲ್ಲುಗಾರನ ಶಕ್ತಿಗಿಂತ ಒಂದು ಕೈ ಕಡಿಮೆಯೇ ಇರಬೇಕು ಎನ್ನುತ್ತದೆ ಆ ಗ್ರಂಥ. ಬಿಲ್ಲಿನೊಡನೆ ಗುದ್ದಾಡುವವನಿಗೆ ಗುರಿ ಕಾಣುವುದಿಲ್ಲ.

ಬಿದಿರಿನ ಉದ್ದ ಬಿಲ್ಲಿನ ಹೊಡೆತವನ್ನು ಗ್ರೀಕರು ಮೈಮೇಲೆ ಅನುಭವಿಸಿದ್ದರು. ಅಲೆಗ್ಸಾಂಡರನ ನೌಕಾಧಿಪತಿ ನಿಯಾರ್ಕಸ್‌ನ ಮಾತುಗಳನ್ನು ಆಧರಿಸಿ ಇತಿಹಾಸಕಾರ ಏರಿಯನ್ ಬರೆದಿರುವ ಪ್ರಕಾರ, ಭಾರತೀಯ ಕಾಲಾಳಿನ ಬಿಲ್ಲು ಆಳಿನಷ್ಟೇ ಎತ್ತರ. ಅದರ ತುದಿಯನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿಹಿಡಿದು, ಹೆದೆಯನ್ನು ಬಹಳ ಹಿಂದಕ್ಕೆ ಎಳೆದು ಹೊಡೆಯುತ್ತಿದ್ದರು. ಬಾಣದ ಉದ್ದ ಮೂರು ಮೊಳಕ್ಕೆ ಸ್ವಲ್ಪ ಕಡಿಮೆ. ಗುರಾಣಿಯಾಗಲಿ ಎದೆಗವಚವಾಗಲಿ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಮಲ್ಲರ ಕೋಟೆಯ ಮುತ್ತಿಗೆಯಲ್ಲಿ ಸ್ವತಃ ಅಲೆಗ್ಸಾಂಡರನ ಕವಚವನ್ನು ತೂರಿ ಎದೆಗೆ ನೆಟ್ಟು ಅವನನ್ನು ಸಾವಿನಂಚಿಗೆ ತಳ್ಳಿದ್ದು ಒಂದು ಬಾಣವೇ.

ಆದರೆ ಅದಕ್ಕೆ ಸ್ವಲ್ಪ ಮುಂಚೆ, ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಂಡೆಯಲ್ಲಿ ಪೌರವನ ಬಿಲ್ಲುಗಾರರು ಕೈಸೋತಿದ್ದರು. ಹಿಂದಿನ ರಾತ್ರಿ ಮಳೆ ಸುರಿದು ನೆಲ ಕೆಸರಾಗಿತ್ತು. ಊರಿದ ಬಿಲ್ಲು ಜಾರಿತು. ಬಿಲ್ಲಿನ ಶಕ್ತಿ ಬಿಲ್ಲಿನೊಳಗೆ ಮಾತ್ರ ಇರುವುದಿಲ್ಲ. ನೆಲ, ಮಳೆ, ಗಾಳಿಗಳಲ್ಲಿಯೂ ಇರುತ್ತದೆ ಎಂಬುದಕ್ಕೆ ಇದೊಂದು ಹಳೆಯ ನಿದರ್ಶನ.

ಕೊಂಬಿನ ಬಿಲ್ಲು

ಆಳೆತ್ತರದ ಬಿಲ್ಲನ್ನು ಹಿಡಿದು ಕುದುರೆಯ ಮೇಲೆ ಕೂರಲಾಗದು. ಕೆಳತುದಿ ಕುದುರೆಯ ಕತ್ತಿಗೆ ತಾಗುತ್ತದೆ, ಸವಾರ ಎಡಬಲಕ್ಕೆ ತಿರುಗಲಾರ. ಬಿಲ್ಲು ಗಿಡ್ಡವಾಗಬೇಕು, ಆದರೆ ಶಕ್ತಿ ಕುಂದಬಾರದು. ಬಿದಿರನ್ನೇ ಗಿಡ್ಡ ಮಾಡಿ ಕಿವಿಯ ತನಕ ಎಳೆದರೆ ಮುರಿದುಹೋಗುತ್ತದೆ. ಈ ಇಕ್ಕಟ್ಟಿಗೆ ಏಷ್ಯಾದ ಜನ ಕಂಡುಕೊಂಡ ಉತ್ತರವೇ ಕೊಂಬಿನ ಬಿಲ್ಲು. ಸಂಸ್ಕೃತದಲ್ಲಿ ಅದು ಶಾರ್ಙ್ಗ. ವಿಷ್ಣುವಿನ ಬಿಲ್ಲಿನ ಹೆಸರೂ ಅದೇ. ಕನ್ನಡದ ಹಳೆಯ ಕಾವ್ಯಗಳನ್ನು ಓದಿದವರಿಗೆ ‘ಸಿಂಗಾಡಿ’ ಎಂಬ ಮಾತು ಪರಿಚಿತ. ಬಿಲ್ಲು ಎಂದಷ್ಟೇ ಅರ್ಥಮಾಡಿಕೊಂಡು ಮುಂದೆ ಹೋಗುವ ಆ ಪದದೊಳಗೆ ಕೋಡು, ಅಂದರೆ ಶೃಂಗ, ಕುಳಿತಿದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ತಾಳೆ, ಬಿದಿರು, ಮರ ಮತ್ತು ಕೊಂಬು ಎಂಬ ನಾಲ್ಕು ಬಗೆಯ ಬಿಲ್ಲುಗಳ ಉಲ್ಲೇಖ ಬರುತ್ತದೆ. ಶಾರ್ಙ್ಗಧರ ಪದ್ಧತಿ ಇನ್ನೂ ಸ್ಪಷ್ಟವಾಗಿ, ಕೊಂಬಿನ ಬಿಲ್ಲು ಆನೆ ಮತ್ತು ಕುದುರೆಗಳ ಮೇಲಿರುವವರಿಗೆ, ಬಿದಿರಿನ ಬಿಲ್ಲು ರಥಿಕರಿಗೆ ಮತ್ತು ಕಾಲಾಳುಗಳಿಗೆ ಎಂದು ಹಂಚುತ್ತದೆ.

ಇದನ್ನು ಮಾಡುವ ಬಗೆ ಕುತೂಹಲಕರ. ನಡುವೆ ಮರದ ಅಥವಾ ಬಿದಿರಿನ ತೆಳುವಾದ ತಿರುಳು. ಒಳಮೈಗೆ, ಅಂದರೆ ಬಿಲ್ಲುಗಾರನ ಮುಖದ ಕಡೆಗೆ, ಎಮ್ಮೆಯ ಅಥವಾ ಕೋಣದ ಕೊಂಬಿನ ಪಟ್ಟಿ. ಕೊಂಬಿಗೆ ಒತ್ತಡವನ್ನು ತಾಳುವ ಶಕ್ತಿ ಅಪಾರ. ಹೊರಮೈಗೆ ಪ್ರಾಣಿಗಳ ಕಾಲಿನ ಅಥವಾ ಬೆನ್ನಿನ ಸ್ನಾಯುರಜ್ಜು. ಅದನ್ನು ಒಣಗಿಸಿ, ಕುಟ್ಟಿ, ದಾರದ ಎಳೆಯಂತೆ ಬಿಡಿಸಿ, ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರವಾಗಿ ಉದ್ದಕ್ಕೆ ಹಾಸಬೇಕು. ಇದಕ್ಕೆ ಎಳೆತವನ್ನು ತಾಳುವ ಶಕ್ತಿ. ಇವೆಲ್ಲವನ್ನೂ ಹಿಡಿದಿಡುವುದು ತೊಗಲು, ಸ್ನಾಯು ಅಥವಾ ಮೀನಿನ ಗಾಳಿಚೀಲವನ್ನು ಬೇಯಿಸಿ ತೆಗೆದ ಅಂಟು. ಒಂದೇ ಒಂದು ಮೊಳೆಯಿಲ್ಲ. ಹಸಿ ಕಡ್ಡಿಯ ಹೊರಮೈ ಮತ್ತು ಒಳಮೈಗಳ ಕಷ್ಟವನ್ನು ಎರಡು ಬೇರೆ ಬೇರೆ ವಸ್ತುಗಳಿಗೆ ಹಂಚಿಕೊಟ್ಟ ಜಾಣತನ ಇದು.

ಅಂಟು ಆರಲು ಆತುರಪಡುವಂತಿಲ್ಲ. ಒಂದು ಪದರ ಹಾಸಿದ ಮೇಲೆ ಮುಂದಿನದಕ್ಕೆ ಕಾಯಬೇಕು. ಎಲ್ಲ ಮುಗಿದ ಮೇಲೆ ಮತ್ತೆ ತಿಂಗಳುಗಟ್ಟಲೆ ಒಣಗಲು ಬಿಡಬೇಕು. ಒಳ್ಳೆಯ ಬಿಲ್ಲಿಗೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತಿತ್ತು. ಒಣಗುತ್ತ ಒಣಗುತ್ತ ಸ್ನಾಯು ಬಿಗಿದುಕೊಂಡು ಬಿಲ್ಲನ್ನು ಹಿಮ್ಮುಖವಾಗಿ ಬಗ್ಗಿಸುತ್ತದೆ. ಹೆದೆಯಿಲ್ಲದ ಇಂಥ ಬಿಲ್ಲು ಏಡಿಯ ಕೊಂಡಿಗಳಂತೆ ತಿರುಚಿಕೊಂಡು ಕೂತಿರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಅದನ್ನು ನೋಡುವವರು, ಯಾವ ಕಡೆಗೆ ಹೆದೆ ಕಟ್ಟುತ್ತಿದ್ದರು ಎಂದು ಗಲಿಬಿಲಿಗೊಳ್ಳುವುದು ಸಹಜ. ಹೆದೆಯೇರಿಸಬೇಕಾದರೆ ಅದನ್ನು ಹದವಾಗಿ ಬಿಸಿ ಮಾಡಿ, ಪೂರ್ತಿ ಎದುರು ದಿಕ್ಕಿಗೆ ತಿರುಗಿಸಬೇಕು. ಅದಕ್ಕೆ ಎಷ್ಟೋ ಸಲ ಇಬ್ಬರು ಬೇಕಾಗುತ್ತಿತ್ತು. ಸ್ವಯಂವರಗಳಲ್ಲಿ ಹೆದೆಯೇರಿಸುವುದನ್ನೇ ಪಣವಾಗಿ ಒಡ್ಡಿದ್ದರಲ್ಲಿ ಅರ್ಥವಿದೆ. ಅಲ್ಲಿ ಪರೀಕ್ಷೆಗೊಳಗಾಗುತ್ತಿದ್ದದ್ದು ತೋಳ್ಬಲ ಮಾತ್ರವಲ್ಲ, ಬಿಲ್ಲಿನ ಸ್ವಭಾವವನ್ನು ಬಲ್ಲ ಕೈ ಕೂಡ.

ಇಂಥ ಬಿಲ್ಲಿಗೆ ಒಬ್ಬನೇ ಶತ್ರು: ತೇವ. ಅಂಟು ನೀರಿಗೆ ಕರಗುವಂಥದ್ದು. ಗಾಳಿಯಲ್ಲಿ ತೇವ ಹೆಚ್ಚಿದರೆ ಬಿಲ್ಲು ಮೆತ್ತಗಾಗುತ್ತದೆ, ನೆನೆದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಮಧ್ಯ ಏಷ್ಯಾದ ಒಣ ಬಯಲಿನಲ್ಲಿ ಇದು ದೊಡ್ಡ ತೊಂದರೆಯಲ್ಲ. ನಾಲ್ಕು ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಮಾತ್ರ ಬಿಲ್ಲನ್ನು ಕೂಸಿನಂತೆ ಕಾಯಬೇಕು. ತೊಗಲಿನ ಅಥವಾ ತೊಗಟೆಯ ಹೊದಿಕೆ, ಅದರ ಮೇಲೆ ಬಣ್ಣ, ಮೆರುಗು, ಬಟ್ಟೆಯ ಚೀಲ, ಇವೆಲ್ಲ ಬರಿಯ ಅಲಂಕಾರಗಳಲ್ಲ. ತೇವದ ವಿರುದ್ಧ ಕಟ್ಟಿದ ಕೋಟೆಗಳು. ಭಾರತದಲ್ಲಿ ಉಕ್ಕಿನ ಬಿಲ್ಲುಗಳೂ ತಯಾರಾದದ್ದು ಇದೇ ಕಾರಣಕ್ಕೆ. ಅವು ಕೊಂಬಿನ ಬಿಲ್ಲಿನಷ್ಟು ಚುರುಕಲ್ಲ, ಆದರೆ ಮಳೆಗಾಲವಿಡೀ ಆಯುಧಶಾಲೆಯಲ್ಲಿದ್ದರೂ ಕೆಡುವುದಿಲ್ಲ.

ಹೆದೆ ಮತ್ತು ಅಂಬು

ಹೆದೆಗೆ ಕೌಟಿಲ್ಯ ಹೇಳುವ ವಸ್ತುಗಳಲ್ಲಿ ಮೂರ್ವೆಯ ನಾರು, ಎಕ್ಕದ ನಾರು, ಸೆಣಬು, ಬಿದಿರು, ಸ್ನಾಯು ಸೇರಿವೆ. ಹೆದೆಗೆ ‘ಮೌರ್ವಿ’ ಎಂಬ ಹೆಸರು ಬಂದದ್ದು ಮೂರ್ವೆಯಿಂದ. ಹೊಲದ ಬದುವಿನಲ್ಲಿ ಯಾರೂ ನೋಡದೆ ನಿಂತಿರುವ ಎಕ್ಕದ ಗಿಡ ಒಂದು ಕಾಲಕ್ಕೆ ರಾಜರ ಆಯುಧಾಗಾರಕ್ಕೆ ಸಾಮಗ್ರಿ ಒದಗಿಸುತ್ತಿತ್ತು. ಕನ್ನಡದಲ್ಲಿ ಹೆದೆಗೆ ತಿರು, ನಾರಿ, ಸಿಂಜಿನಿ ಎಂಬ ಹೆಸರುಗಳೂ ಇವೆ. ಹೆದೆ ಸಿಕ್ಕಿಸುವ ಬಿಲ್ಲಿನ ತುದಿಗೆ ‘ಕೊಪ್ಪು’ ಎಂಬ ಪ್ರತ್ಯೇಕ ಪದವಿದೆ. ಬಾಣವನ್ನು ಹೆದೆಗೆ ಕೂಡಿಸುವುದಕ್ಕೆ ‘ಹೂಡು’ ಎನ್ನುತ್ತೇವೆ. ನೇಗಿಲಿಗೆ ಎತ್ತು ಹೂಡುವುದೂ ಅದೇ ಮಾತು. ಎರಡೂ ಕಡೆ, ಎಳೆಯಲಿರುವ ಶಕ್ತಿಗೆ ಕೆಲಸವನ್ನು ಜೋಡಿಸಿಕೊಡುವುದೇ ಅರ್ಥ.

ಬಾಣದ ಕೆಲಸ ಬಿಲ್ಲಿನ ಕೆಲಸಕ್ಕಿಂತ ಸುಲಭವೇನಲ್ಲ. ಮುರಿದರೆ ಇನ್ನೊಂದು ಮಾಡಬಹುದು ಎಂಬುದಷ್ಟೇ ಸಮಾಧಾನ. ಜೊಂಡು ಅಥವಾ ಬಿದಿರಿನ ಕಡ್ಡಿಯನ್ನು ಶರದೃತುವಿನಲ್ಲಿ, ಮಳೆ ನಿಂತು ಗಿಡ ಬಲಿತಾಗ ಕಡಿಯಬೇಕು ಎನ್ನುತ್ತವೆ ಗ್ರಂಥಗಳು. ಒಣಗಿದ ಕಡ್ಡಿಯನ್ನು ಬೆಂಕಿಗೆ ಹಿಡಿದು, ಡೊಂಕು ಇದ್ದಲ್ಲಿ ಒತ್ತಿ ನೇರ ಮಾಡಬೇಕು. ಹಿಂಬದಿಗೆ ಹದ್ದು, ಕೊಕ್ಕರೆ, ನವಿಲು ಮೊದಲಾದ ಹಕ್ಕಿಗಳ ಗರಿ. ಒಂದು ಬಾಣಕ್ಕೆ ನಾಲ್ಕು ಗರಿ, ಆರು ಅಂಗುಲ ಉದ್ದ ಎಂಬುದು ಧನುರ್ವೇದದ ಲೆಕ್ಕ. ಒಂದು ಬಾಣದ ಗರಿಗಳೆಲ್ಲ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡರೆಕ್ಕೆಯ ಗರಿಗೂ ಬಲರೆಕ್ಕೆಯ ಗರಿಗೂ ಬಾಗು ಬೇರೆ. ಬೆರೆಸಿದರೆ ಬಾಣ ಗಾಳಿಯಲ್ಲಿ ತತ್ತರಿಸುತ್ತದೆ.

ಮುಂಭಾಗ ದಪ್ಪವಿರುವ ಬಾಣ ಹೆಣ್ಣು, ಹಿಂಭಾಗ ದಪ್ಪವಿರುವುದು ಗಂಡು, ಎರಡೂ ಸಮನಾಗಿರುವುದು ನಪುಂಸಕ ಎಂದು ಒಂದು ವಿಂಗಡಣೆಯಿದೆ. ಹೆಣ್ಣು ಬಾಣ ದೂರ ಹೋಗುತ್ತದೆ, ಗಂಡು ಬಾಣ ಗಟ್ಟಿ ವಸ್ತುವನ್ನು ಭೇದಿಸುತ್ತದೆ, ಸಮನಾದದ್ದು ಗುರಿಯ ಅಭ್ಯಾಸಕ್ಕೆ. ಬಾಣದ ತೂಕ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅದರ ಹಾರಾಟ ಬದಲಾಗುತ್ತದೆ ಎಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ. ಇನ್ನು ಅಲಗುಗಳ ಹೆಸರುಗಳು ಕಾವ್ಯಗಳಲ್ಲಿ ಕೇಳಿಬರುವಂಥವೇ: ಅರ್ಧಚಂದ್ರ, ಕ್ಷುರಪ್ರ, ವತ್ಸದಂತ, ಸೂಚೀಮುಖ, ಭಲ್ಲ. ಕರುವಿನ ಹಲ್ಲಿನಂತಿರುವುದು ವತ್ಸದಂತ, ಸೂಜಿಯ ಮೊನೆಯಂತಿರುವುದು ಸೂಚೀಮುಖ. ಕವಿಗಳ ವರ್ಣನೆ ಎಂದು ನಾವು ದಾಟಿ ಹೋಗುವ ಹೆಸರುಗಳು ಕಮ್ಮಾರನ ಕುಲುಮೆಯಲ್ಲಿ ನಿತ್ಯ ಬಳಕೆಯ ಮಾತುಗಳಾಗಿದ್ದವು.

ಹೆಬ್ಬೆರಳ ಕೆಲಸ

ಈಗ ಮೊದಲ ಪ್ರಶ್ನೆಗೆ ಬರಬಹುದು. ಬಲಗೈಯನ್ನು ಮುಂದೆ ಹಿಡಿದು ಹೆಬ್ಬೆರಳನ್ನು ಕೊಕ್ಕೆಯಂತೆ ಮಡಿಸಿ. ಆ ಕೊಕ್ಕೆಯೊಳಗೆ ಹೆದೆಯಿದೆ ಎಂದುಕೊಳ್ಳಿ. ಈಗ ತೋರುಬೆರಳನ್ನು ಹೆಬ್ಬೆರಳಿನ ಉಗುರಿನ ಮೇಲೆ ತಂದು ಬೀಗ ಹಾಕಿದಂತೆ ಒತ್ತಿ. ಇದೇ ಏಷ್ಯಾದ ಬಹುಭಾಗದ ಬಿಲ್ಲುಗಾರರು ಶತಮಾನಗಳ ಕಾಲ ಹೆದೆ ಎಳೆದ ರೀತಿ. ಬಾಣ ಬಿಡಬೇಕಾದಾಗ ತೋರುಬೆರಳ ಬೀಗವನ್ನು ಸಡಿಲಿಸಿದರೆ ಸಾಕು, ಹೆದೆ ತಾನಾಗಿ ಜಾರಿಹೋಗುತ್ತದೆ.

ಇದರಿಂದ ಮೂರು ಲಾಭಗಳು. ಮೊದಲನೆಯದು, ಮೂರು ಬೆರಳುಗಳು ಒಂದೇ ಕ್ಷಣಕ್ಕೆ ಬಿಡಬೇಕಾದ ಕಡೆ ಇಲ್ಲಿ ಒಂದೇ ಬೆರಳು. ಹೆದೆಗೆ ತಡೆ ಕಡಿಮೆ. ಎರಡನೆಯದು, ಗಿಡ್ಡ ಬಿಲ್ಲನ್ನು ಪೂರ್ತಿ ಎಳೆದಾಗ ಹೆದೆ ಚೂಪಾದ ಕೋನವಾಗಿ ಮಡಿಚಿಕೊಂಡು ಮೂರು ಬೆರಳುಗಳನ್ನೂ ಒಂದಕ್ಕೊಂದು ಅದುಮಿ ಹಿಂಡುತ್ತದೆ. ಹೆಬ್ಬೆರಳಿಗೆ ಆ ತೊಂದರೆ ಇಲ್ಲ, ಅದು ಹಿಡಿಯುವುದು ಒಂದೇ ಬಿಂದುವನ್ನು. ಮೂರನೆಯದು ಬಹಳ ಮುಖ್ಯ. ಮೂರು ಬೆರಳಲ್ಲಿ ಎಳೆಯುವ ಬಲಗೈಯವನು ಬಾಣವನ್ನು ಬಿಲ್ಲಿನ ಎಡಗಡೆಗೆ ಇಡಬೇಕು. ಹೆಬ್ಬೆರಳಲ್ಲಿ ಎಳೆಯುವವನು ಬಲಗಡೆಗೆ ಇಡುತ್ತಾನೆ. ಬತ್ತಳಿಕೆಯಿಂದ ಬಾಣ ತೆಗೆದ ಬಲಗೈ ಬರುವುದೂ ಬಲಗಡೆಯಿಂದಲೇ. ಬಿಲ್ಲನ್ನು ಸುತ್ತಿಸಿ ಆಚೆ ಬದಿಗೆ ಸಾಗಿಸುವ ಕೆಲಸವಿಲ್ಲ. ಬಂದ ದಾರಿಯಲ್ಲೇ ಹೂಡಿ, ಎಳೆದು, ಬಿಡಬಹುದು. ಒಂದು ಬಾಣಕ್ಕೆ ಉಳಿಯುವ ಹೊತ್ತು ರೆಪ್ಪೆ ಬಡಿಯುವಷ್ಟೇ ಇರಬಹುದು. ಏಳು ಬಾಣಗಳಲ್ಲಿ ಅದು ನಾಯಿಯ ಬೊಗಳು ಮುಗಿಯುವ ಮೊದಲೇ ಕೆಲಸ ಮುಗಿಸುವಷ್ಟಾಗುತ್ತದೆ.

ಬಿಗಿಯಾದ ಹೆದೆ ಬರಿಯ ಚರ್ಮವನ್ನು ಕೊಯ್ಯುತ್ತದೆ. ಆದ್ದರಿಂದ ಬೆರಳಿಗೆ ಕಾಪು ಬೇಕು. ಮಹಾಭಾರತದ ವೀರರು ‘ಗೋಧಾಂಗುಲಿತ್ರ’ ಕಟ್ಟಿದವರೆಂದು ಮತ್ತೆ ಮತ್ತೆ ವರ್ಣಿತರಾಗುತ್ತಾರೆ. ಗೋಧೆ ಎಂದರೆ ಉಡ. ಉಡದ ಚರ್ಮದ ಬೆರಳುಕಾಪು. ಮುಂದಿನ ಕಾಲದಲ್ಲಿ ಕೊಂಬು, ದಂತ, ಕಲ್ಲುಗಳಿಂದ ಮಾಡಿದ ಹೆಬ್ಬೆರಳುಂಗುರಗಳು ಬಂದವು. ಮೊಗಲ್ ದೊರೆಗಳು ಹಸಿರುಕಲ್ಲಿನ ಉಂಗುರಗಳನ್ನು ಧರಿಸುತ್ತಿದ್ದರು. ಷಾಜಹಾನನ ಬಿರುದು ಕೆತ್ತಿದ ಅಂಥದೊಂದು ಉಂಗುರ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರಗಳಲ್ಲಿ ಅದನ್ನು ನೋಡಿದವರು ಒಡವೆಯೆಂದುಕೊಳ್ಳಬಹುದು. ಅದು ಮೂಲತಃ ಉಪಕರಣ.

ಧನುರ್ವೇದದಲ್ಲಿ ಹೆದೆ ಹಿಡಿಯುವ ಮುಷ್ಟಿಗಳಿಗೆ ಪತಾಕಾ, ವಜ್ರಮುಷ್ಟಿ, ಸಿಂಹಕರ್ಣಿ, ಮತ್ಸರಿ, ಕಾಕತುಂಡಿ ಎಂಬ ಐದು ಹೆಸರುಗಳಿವೆ. ಅವುಗಳನ್ನು ಬೇರ್ಪಡಿಸುವುದೇ ಹೆಬ್ಬೆರಳು ಮತ್ತು ತೋರುಬೆರಳುಗಳ ಜೋಡಣೆ. ನಿಲ್ಲುವ ಬಗೆಗೂ ಹೆಸರುಗಳಿವೆ. ಒಂದು ಕಾಲನ್ನು ಮಡಿಸಿ ಇನ್ನೊಂದನ್ನು ಚಾಚಿ ನಿಲ್ಲುವ ಆಲೀಢ, ಅದಕ್ಕೆ ತಿರುಗುಮುರುಗಾದ ಪ್ರತ್ಯಾಲೀಢ, ಎರಡೂ ಪಾದಗಳನ್ನು ಸಮನಾಗಿ ಇಡುವ ಸಮಪಾದ, ಹೀಗೆ. ಶಿಲ್ಪಶಾಸ್ತ್ರ ಈ ಹೆಸರುಗಳನ್ನು ಬಿಲ್ಲುಗಾರರಿಂದ ಎರವಲು ಪಡೆಯಿತು. ತ್ರಿಪುರಾಂತಕ ಶಿವ ಆಲೀಢದಲ್ಲಿ ನಿಂತಿದ್ದಾನೆ ಎಂದು ವಿದ್ವಾಂಸರು ಬರೆಯುವಾಗ ಅವರು ಬಳಸುವುದು ಗರಡಿಯ ಭಾಷೆಯನ್ನೇ.

ಬೇಲೂರಿನ ಬೇಟೆಗಾರ್ತಿ ಮದನಿಕೆ, ಹಳೇಬೀಡಿನ ಗೋಡೆಗಳ ಭಾರತಯುದ್ಧದ ಸಾಲು, ಹಂಪಿಯ ಹಜಾರರಾಮ ದೇವಾಲಯದ ರಾಮಾಯಣದ ಪಟ್ಟಿಕೆಗಳು, ಊರೂರಿನ ವೀರಗಲ್ಲುಗಳು, ಇವುಗಳ ಮುಂದೆ ನಿಂತಾಗ ಒಂದು ಗಳಿಗೆ ಕೈಯನ್ನೂ ಕಾಲನ್ನೂ ನೋಡಬೇಕು. ಹೆಚ್ಚಿನ ಪ್ರವಾಸಿಗರು ಆಭರಣಗಳನ್ನು ಎಣಿಸಿ ಮುಂದೆ ಹೋಗುತ್ತಾರೆ. ತುರುಗಳನ್ನು ಕಾಯಲು ಹೋಗಿ, ಮೈಗೆ ಅಂಬುಗಳು ನೆಟ್ಟು ಬಿದ್ದವನ ವೀರಗಲ್ಲು ಊರ ಹೊರಗೆ ಹುಣಿಸೆಯ ಮರದಡಿ ಒರಗಿರುತ್ತದೆ. ಅಲ್ಲಿ ಹೊಡೆದವನ ವಿದ್ಯೆಯೂ ಇದೆ, ಸತ್ತವನ ಕತೆಯೂ ಇದೆ.

ದೇವರಾಯನ ತೀರ್ಮಾನ

ಬಿಲ್ವಿದ್ಯೆ ಕರ್ನಾಟಕದ ರಾಜಕಾರಣವನ್ನೇ ತಿರುಗಿಸಿದ ಒಂದು ಸಂದರ್ಭವಿದೆ. ವಿಜಯನಗರದ ಇಮ್ಮಡಿ ದೇವರಾಯ (1424–1446) ಬಹಮನಿ ಸುಲ್ತಾನರ ಕೈಯಲ್ಲಿ ತನ್ನ ದಂಡು ಮತ್ತೆ ಮತ್ತೆ ಏಕೆ ಸೋಲುತ್ತಿದೆ ಎಂದು ತನ್ನವರನ್ನು ಕೂರಿಸಿಕೊಂಡು ಕೇಳಿದ. 17ನೇ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫೆರಿಸ್ತಾ ಕೊಡುವ ವಿವರದಂತೆ, ಅವರ ಕುದುರೆಗಳು ಗಟ್ಟಿ, ಅವರ ಬಳಿ ನುರಿತ ಬಿಲ್ಲುಗಾರರಿದ್ದಾರೆ ಎಂಬ ಉತ್ತರ ಬಂತು. ದೇವರಾಯ ದೈವವನ್ನು ದೂರುತ್ತ ಕೂರಲಿಲ್ಲ. ಮುಸ್ಲಿಂ ಬಿಲ್ಲುಗಾರರನ್ನು ಸೇವೆಗೆ ಸೇರಿಸಿಕೊಂಡು ಜಹಗೀರು ಕೊಟ್ಟ, ನಗರದಲ್ಲಿ ಮಸೀದಿ ಕಟ್ಟಿಸಿದ, ಅವರು ವಂದಿಸಲು ಅನುಕೂಲವಾಗಲೆಂದು ಸಿಂಹಾಸನದ ಮುಂದೆ ಕುರಾನ್ ಇರಿಸಿದ. ಅವರಿಂದ ತನ್ನ ಸೈನಿಕರಿಗೆ ಬಿಲ್ವಿದ್ಯೆ ಕಲಿಸಿದ. ಕೊನೆಗೆ 2,000 ಮುಸ್ಲಿಮರೂ 60,000 ಹಿಂದೂಗಳೂ ಬಿಲ್ಲಿನಲ್ಲಿ ಪಳಗಿದರು ಎಂಬುದು ಫೆರಿಸ್ತಾನ ಲೆಕ್ಕ. ಅಂಕಿ ದೊಡ್ಡದಾಗಿ ಕಾಣಬಹುದು. ಆದರೆ ಅದೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ.

ಇಲ್ಲಿ ದ್ರೋಣನ ದಾರಿಗೂ ದೇವರಾಯನ ದಾರಿಗೂ ಇರುವ ಅಂತರವನ್ನು ನೋಡಬೇಕು. ಒಬ್ಬ ತನ್ನವರ ಮೇಲುಗೈ ಉಳಿಸಲು ಹೊರಗಿನವನ ಬೆರಳನ್ನು ತೆಗೆಸಿದ. ಇನ್ನೊಬ್ಬ ತನ್ನವರ ಸೋಲನ್ನು ಒಪ್ಪಿಕೊಂಡು ಹೊರಗಿನವರನ್ನು ಕರೆದು ಅವರಿಂದ ಕಲಿಸಿದ.

ಮರೆಯಾದ ಕೈ

ಬಂದೂಕು ಬಂದ ತಕ್ಷಣ ಬಿಲ್ಲು ಮೂಲೆಗುಂಪಾಯಿತು ಎಂಬ ಭಾವನೆಯಿದೆ. ಅದು ಸರಿಯಲ್ಲ. 17ನೇ ಶತಮಾನದಲ್ಲಿ ಮೊಗಲರ ರಾಜ್ಯದಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್, ಬಂದೂಕಿನವನು ಎರಡು ಸಲ ಹಾರಿಸುವುದರೊಳಗೆ ಕುದುರೆ ಸವಾರ ಆರು ಬಾಣ ಬಿಡುತ್ತಾನೆ ಎಂದು ಬರೆದಿದ್ದಾನೆ. ವೇಗದಲ್ಲಿ ಬಿಲ್ಲು ಸೋತಿರಲಿಲ್ಲ; ಸೋತದ್ದು ಕಲಿಕೆಯ ಕಾಲಾವಧಿಯಲ್ಲಿ. ಬಂದೂಕನ್ನು ಕೆಲವೇ ತಿಂಗಳಲ್ಲಿ ಕಲಿಸಬಹುದು. ಬಿಲ್ಲಿಗೆ ಬಾಲ್ಯದಿಂದ ಮೈ ಬಗ್ಗಬೇಕು. ವರ್ಷವಿಡೀ ಒಂದು ಬಿಲ್ಲಿಗೆ ಕಾಯುವ ಕುಶಲಿಯೂ ಬೇಕು. ದಂಡಿನಿಂದ ಬೇಡಿಕೆ ನಿಂತಾಗ ಮೊದಲು ಮರೆಯಾದವನು ಅವನೇ. ಕೊಂಬು ಸೀಳುವ ಹದ, ಸ್ನಾಯು ಬಿಡಿಸುವ ಹದ, ಅಂಟಿನ ಹದ ಕಾಗದದ ಮೇಲೆ ಇರಲಿಲ್ಲ. ಅವು ಇದ್ದದ್ದು ಕೈಯಲ್ಲಿ. ಬಿಲ್ಲು ಹಿಡಿದ ಅರಸರ ಹೆಸರುಗಳು ಶಾಸನಗಳಲ್ಲಿ ಉಳಿದವು. ಬಿಲ್ಲು ಮಾಡಿಕೊಟ್ಟವರಿಗೆ ಆ ಭಾಗ್ಯ ಅಪರೂಪ.

ಹೊರನಾಡುಗಳಲ್ಲಿ ಈ ಎಳೆ ಪೂರ್ತಿ ಕಡಿದಿಲ್ಲ. ಕೊರಿಯಾದಲ್ಲಿ ಎಮ್ಮೆಯ ಕೊಂಬು, ಬಿದಿರು, ಸ್ನಾಯು, ಮೀನಿನ ಅಂಟುಗಳ ಬಿಲ್ಲನ್ನು ಇಂದಿಗೂ ಮಾಡುತ್ತಾರೆ, ಹೆಬ್ಬೆರಳಲ್ಲಿಯೇ ಎಳೆಯುತ್ತಾರೆ. ಜಪಾನಿನವರ ಬಿಲ್ಲು ಆಳಿಗಿಂತ ಎತ್ತರದ ಬಿದಿರು-ಮರದ್ದು; ಆದರೂ ಗಟ್ಟಿ ಕೈಗವಸು ತೊಟ್ಟು ಎಳೆಯುವುದು ಹೆಬ್ಬೆರಳಲ್ಲೇ. ಹೆಬ್ಬೆರಳಿನ ವಿದ್ಯೆ ಗಿಡ್ಡ ಬಿಲ್ಲಿಗೆ ಮಾತ್ರ ಮೀಸಲಲ್ಲ ಎಂಬುದಕ್ಕೆ ಇದೇ ಸಾಕ್ಷಿ. ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು 2019ರಲ್ಲಿ ಯುನೆಸ್ಕೊ ಮಾನವ ಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಬಿಲ್ಲನ್ನು ಕೈಬಿಡದೆ ಉಳಿಸಿಕೊಂಡವರು ಕಾಡಿನ ಮತ್ತು ಬೆಟ್ಟದ ಜನ. ಕೊಡಗಿನ ನೆರೆಯ ವಯನಾಡಿನ ಕುರಿಚಿಯರು ಬಿಲ್ಲು-ಬಾಣ ಹಿಡಿದು ಪಳಶ್ಶಿರಾಜನ ಪಕ್ಷದಲ್ಲಿ ಕಂಪನಿ ಸರ್ಕಾರದ ಬಂದೂಕುಗಳನ್ನು ಎದುರಿಸಿದರು. 1812ರಲ್ಲಿ ಮತ್ತೆ ದಂಗೆಯೆದ್ದರು. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾರಾಮ್ ಬಿದಿರಿನ ಬಿಲ್ಲಿನಿಂದ ಕಲಿತು ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 1991ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಪ್ರಶಸ್ತಿಯ ಹೆಸರು ಅರ್ಜುನನದು. ಅದನ್ನು ಪಡೆದ ಕೈ ಮಾತ್ರ ಏಕಲವ್ಯನ ಕುಲದ್ದು ಎಂದರೆ ತಪ್ಪಾಗಲಾರದು.

ಮಧ್ಯಭಾರತದ ಭಿಲ್ಲರಲ್ಲಿ ಹೆಬ್ಬೆರಳನ್ನು ಸೋಕಿಸದೆ ಬೆರಳುಗಳಿಂದಲೇ ಹೆದೆ ಎಳೆಯುವ ರೂಢಿಯಿದೆ. ಏಕಲವ್ಯ ಕೊಟ್ಟದ್ದನ್ನು ನಾವು ಮತ್ತೆ ಬಳಸಬಾರದು ಎಂಬುದು ಅದಕ್ಕೆ ಅವರು ಹೇಳುವ ಕಾರಣ. ಉದ್ದನೆಯ ಬಿದಿರ ಬಿಲ್ಲಿಗೆ ಬೆರಳೆಳೆತ ಹೊಂದುತ್ತದೆ ಎಂಬ ವಿವರಣೆಯನ್ನು ಬಿಲ್ಲಿನ ಶಾಸ್ತ್ರ ಕೊಟ್ಟೀತು. ಹೆದೆಯ ಕೋನ ಅಲ್ಲಿ ಅಗಲ, ಬೆರಳು ಹಿಂಡುವುದಿಲ್ಲ. ಎರಡು ಮಾತುಗಳೂ ಒಟ್ಟಿಗೆ ನಿಲ್ಲಬಲ್ಲವು. ಒಂದು ಕೈ ಏಕೆ ಹಾಗೆ ಎಳೆಯಬಹುದು ಎಂಬುದನ್ನು ಶಾಸ್ತ್ರ ಹೇಳುತ್ತದೆ. ಆ ಕೈ ಏನನ್ನು ಮರೆತಿಲ್ಲ ಎಂಬುದನ್ನು ಐತಿಹ್ಯ ಹೇಳುತ್ತದೆ.

ದ್ರೋಣ ಏಕಲವ್ಯನ ಪ್ರಾಣ ಕೇಳಲಿಲ್ಲ, ಬಿಲ್ಲನ್ನು ಕಸಿಯಲಿಲ್ಲ. ವೇಗವನ್ನಷ್ಟೇ ತೆಗೆದುಕೊಂಡ. ಕಾಡಿನಲ್ಲಿ ಬೇಟೆಯಾಡಲು ಉಳಿದ ನಾಲ್ಕು ಬೆರಳು ಸಾಕು. ರಣರಂಗದಲ್ಲಿ ಅರ್ಜುನನಿಗೆ ಸರಿಸಮನಾಗಿ ನಿಲ್ಲಲು ಸಾಲದು. ಬಿಲ್ಲಿನ ಒಳಹೊರಗನ್ನು ಬಲ್ಲ ಆಚಾರ್ಯ ಮಾತ್ರ ಅಷ್ಟು ಲೆಕ್ಕ ಹಾಕಿ ದಕ್ಷಿಣೆ ಕೇಳಬಲ್ಲ. ಹೆದೆ, ಕೊಪ್ಪು, ಸಿಂಗಾಡಿಗಳ ಅರ್ಥವನ್ನು ಮರೆತ ನಾವು ಆ ಕತೆಯಲ್ಲಿ ಕ್ರೌರ್ಯವನ್ನು ಕಂಡೆವು, ಭಕ್ತಿಯನ್ನು ಕಂಡೆವು. ಆ ಲೆಕ್ಕವನ್ನು ಮಾತ್ರ ಕಾಣಲಿಲ್ಲ. ಬಿಲ್ಲನ್ನು ತಿಳಿದರೆ ಅದೂ ಕಾಣುತ್ತದೆ, ಏಕಲವ್ಯ ಕೊಟ್ಟದ್ದು ಎಷ್ಟೆಂಬುದೂ ತಿಳಿಯುತ್ತದೆ.